ಏಳನೇ ಹಲಗೆ

ನಮ್ಮ ಅಡುಗೆಮನೆಯ ಕಿಟಕಿಯ ಮೇಲೆ ‘ತಲೆ, ಕೈ ಹೊರಗೆ ಹಾಕಬೇಡಿ’ ಎಂದು ಬರೆದಿತ್ತು. ಯಾವುದೋ ಗುಜರಿ ಬಸ್ಸಿನಿಂದ ಬಿಚ್ಚಿ ತಂದ ಕಿಟಕಿ ಅದು. ಗಾಜು ಅರ್ಧಕ್ಕಿಂತ ಮೇಲೆ ಏರುತ್ತಿರಲಿಲ್ಲ. ಒಲೆಯ ಹೊಗೆ ಹೋಗಲು ಅಷ್ಟು ಸಾಕೆಂದು ಅಪ್ಪ ಹಾಗೆಯೇ ಗೋಡೆಯಲ್ಲಿ ಕೂರಿಸಿದ್ದ. ಬಚ್ಚಲಿಗೆ ಬಸ್ಸಿನ ಹಿಂಬಾಗಿಲು, ಪಡಸಾಲೆಯಲ್ಲಿ ಮೂವರು ಕೂರುವ ಸೀಟು, ಬಟ್ಟೆ ಒಣಹಾಕಲು ನಿಂತ ಪ್ರಯಾಣಿಕರು ಹಿಡಿದುಕೊಳ್ಳುವ ಉದ್ದನೆಯ ಪೈಪು. ದೇವರ ಗೂಡಿನ ಮುಂದೆ ಹಾಸಿದ್ದು ಕೂಡ ಬಸ್ಸಿನ ನೆಲಕ್ಕೆ ಹಾಕುವ ಗೀರುಗೀರಿನ ರಬ್ಬರು. ಅಪ್ಪ ಬೆಳಗ್ಗೆ ಅದರ ಮೇಲೆ ಕೂತು ಲಿಂಗಪೂಜೆ ಮುಗಿಸಿ ಎದ್ದರೆ ಹಣೆಯ ಮೇಲೆ ವಿಭೂತಿಯ ಗೀರು, ಕಾಲಿನ ಮೇಲೆ ರಬ್ಬರಿನ ಗೀರು. ತಂಗಿ ಶೈಲ ಅದನ್ನು ನೋಡಿ ನಗುತ್ತಿದ್ದಳು. ನಮ್ಮ ಮನೆಯಲ್ಲಿ ನಗುವ ಕೆಲಸ ಅವಳದೇ ಆಗಿತ್ತು.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ನಮ್ಮ ಶೆಡ್ಡು. ಶೆಡ್ಡಿನ ಬೆನ್ನಿಗೆ ಅಂಟಿಕೊಂಡು ಮನೆ. ಅಪ್ಪ ದಾವಣಗೆರೆಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವುದನ್ನು ಕಲಿತು ಬಂದವನು. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಮರ ಮತ್ತು ಕಬ್ಬಿಣದ ಕೆಲಸ ಅಪ್ಪನದು. ಬಣ್ಣ ಬಳಿಯುವುದು, ಅಕ್ಷರ ಬರೆಯುವುದು ಪೇಂಟರ್ ಗಫೂರಣ್ಣನದು. ಸೀಟು ಅವ್ವನದು ಮತ್ತು ನನ್ನದು. ತೆಂಗಿನ ನಾರು ಬಿಡಿಸಿ, ಗೋಣಿತಟ್ಟಿನ ಮೇಲೆ ಹರವಿ, ಮೇಲೆ ರೆಕ್ಸಿನ್ ಎಳೆದು ದಬ್ಬಣದಿಂದ ಹೊಲಿಯುತ್ತಿದ್ದೆವು. ನಾರಿನ ಧೂಳು ತಲೆಗೂದಲಲ್ಲಿ, ಚಾಪೆಯಲ್ಲಿ, ರೊಟ್ಟಿಯಲ್ಲಿ. ಅಪ್ಪ ಬಾಯಿಗಿಟ್ಟ ತುತ್ತಿನಿಂದ ಒಂದು ಎಳೆ ನಾರು ಹೊರಗೆಳೆದು ಅವ್ವನ ಮುಖ ನೋಡುವನು.

“ಏನು ನೋಡ್ತೀರಿ? ಸೀಟು ಹೊಲಿಯೋ ಕೈಯಲ್ಲೇ ರೊಟ್ಟಿನೂ ತಟ್ಟಬೇಕು. ಇನ್ನೆರಡು ಕೈ ಮಾಡಿಸ್ಕೊಡ್ರಿ ನಿಮ್ಮ ಶೆಡ್ಡಿನಾಗೆ.”

“ಮಾಡಿಸ್ಕೊಡ್ತಿದ್ದೆ. ಆಮೇಲೆ ನಾಲ್ಕು ಕೈಯಲ್ಲೂ ಬೈತೀಯ ಅಂತ ಬಿಟ್ಟೀನಿ.”

ಶೈಲ ನನಗಿಂತ ಆರು ವರ್ಷ ಚಿಕ್ಕವಳು. ಎರಡು ತುಂಬುವ ಮೊದಲು ಜ್ವರ ಬಂದು ಅವಳ ಬಲಗಾಲು ಸೊರಗಿತು. ನಡೆಯುವಾಗ ಬಲಗೈಯಿಂದ ಮಂಡಿಯನ್ನು ಒತ್ತಿ ಹಿಡಿದು, ಸೊಂಟ ಹೊರಳಿಸಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಸಮನೆಲದಲ್ಲಿ ತೊಂದರೆ ಇರಲಿಲ್ಲ. ಮೆಟ್ಟಿಲು ಬಂದರೆ ನಿಲ್ಲುತ್ತಿದ್ದಳು. ಎಡಗಾಲನ್ನು ಮೇಲಿಡುವಷ್ಟು ಹೊತ್ತು ಬಲಗಾಲು ಅವಳನ್ನು ಹೊರಬೇಕಿತ್ತಲ್ಲ, ಅದು ಹೊರುತ್ತಿರಲಿಲ್ಲ. ಅವ್ವ ಸೀಟಿನ ಕೆಲಸ ಬಿಡುವ ಹಾಗಿರಲಿಲ್ಲ. ಶೈಲನನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ನನ್ನ ಪಾಟಿಚೀಲವನ್ನು ಬಿಚ್ಚಿ ಅವ್ವ ಅದರ ಬಟ್ಟೆಯನ್ನು ಸೀಟಿನ ಮೂಲೆಗೆ ತೇಪೆ ಹಾಕಿದಳು. ಯಾರೂ ನನ್ನನ್ನು ಕೇಳಲಿಲ್ಲ. ಯಾರೂ ಬೈಯಲೂ ಇಲ್ಲ. ಶೈಲನನ್ನು ಸೊಂಟದ ಮೇಲೆ ಕೂರಿಸಿಕೊಂಡೆ, ಅಷ್ಟೆ.

ಸ್ಕೂಲ್ ಬಸ್ಸು ಎನ್ನುವ ಬೇರೆ ಬಸ್ಸು ಆಗ ನಮ್ಮ ಕಡೆ ಇರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಹೊಸದಾಗಿ ಶುರುವಾದ ಖಾಸಗಿ ಶಾಲೆಯವರು ಸಾಮಾನು ಸಾಗಿಸುವ ಒಂದು ಟೆಂಪೋ ತಂದು ನಿಲ್ಲಿಸಿ, ಮಕ್ಕಳು ಕೂರುವ ಹಾಗೆ ಮಾಡಿಕೊಡಿ ಎಂದರು. ಅಪ್ಪ ಎದುರುಬದುರು ಎರಡು ಉದ್ದನೆಯ ಬೆಂಚು ಹಾಕಿದ, ಮೇಲೆ ಕಮಾನು ಕಟ್ಟಿ ತಾಡಪಾಲು ಹೊದಿಸಿದ. ಮಕ್ಕಳು ಹಿಂದಿನಿಂದ ಹತ್ತುವುದು, ಬೀಳದ ಹಾಗೆ ಅಡ್ಡ ಒಂದು ಸರಪಳಿ. ಮಳೆ ಬಂದರೆ ತಾಡಪಾಲು ಇಳಿಸಬೇಕು, ಇಳಿಸಿದರೆ ಒಳಗೆಲ್ಲ ಕತ್ತಲು; ಮಕ್ಕಳು ಕತ್ತಲಲ್ಲಿ ಒಬ್ಬರನ್ನೊಬ್ಬರು ಚಿವುಟಿ ಕಿರುಚುತ್ತಿದ್ದರು. ಅದೇ ಶಾಲೆಯಲ್ಲಿ ಶೈಲನನ್ನು ಒಂದನೇ ಕ್ಲಾಸಿಗೆ ಸೇರಿಸಿ ಆ ಟೆಂಪೋದಲ್ಲೇ ಕಳಿಸಿದರು. ಹತ್ತಿಸುವವರು, ಇಳಿಸುವವರು ಬೇಕೆಂದು ನಾನೂ ಜೊತೆಗೆ ಹೋದೆ. ಗಾಡಿ ಮಾಡಿಕೊಟ್ಟವರ ಮಗಳು ಎಂದು ಶಾಲೆಯವರು ಸುಮ್ಮನಿದ್ದರು. ಶೈಲನನ್ನು ಒಳಗೆ ಕೂರಿಸಿ, ಸಂಜೆ ಗಾಡಿ ಹೊರಡುವ ತನಕ ನಾನು ಅವಳ ಕ್ಲಾಸಿನ ಕಿಟಕಿಯ ಕೆಳಗೆ ಜಗಲಿಯ ಮೇಲೆ ಕೂರುತ್ತಿದ್ದೆ.

ಆ ಜಗಲಿಯ ಬಗ್ಗೆ ಹೇಳದಿದ್ದರೆ ಮುಂದೆ ನಾನು ಮಾಡಿದ್ದು ಯಾರಿಗೂ ಅರ್ಥವಾಗುವುದಿಲ್ಲ. ಒಳಗೆ ಟೀಚರು ಮಗ್ಗಿ ಹೇಳಿಸಿದರೆ ಹೊರಗೆ ನಾನು ತುಟಿ ಅಲ್ಲಾಡಿಸುತ್ತಿದ್ದೆ. ಭೂಪಟ ತೂಗುಹಾಕಿದ ದಿನ ಎದ್ದು ನಿಂತು ಸರಳಿನ ನಡುವೆ ಮುಖ ಇಟ್ಟು ನೋಡಿದೆ; ಟೀಚರು ಗದರಲಿಲ್ಲ, ಭೂಪಟವನ್ನು ಸ್ವಲ್ಪ ಕಿಟಕಿಯ ಕಡೆ ತಿರುಗಿಸಿದರು. ಇಂಗ್ಲಿಷ್ ಅಕ್ಷರಗಳನ್ನು ಗಫೂರಣ್ಣ ಬಸ್ಸಿನ ಹಣೆಯ ಮೇಲೆ ಬರೆಯುವುದನ್ನು ನೋಡಿ ಗುರುತಿಟ್ಟುಕೊಂಡಿದ್ದೆ, ಅವುಗಳ ಹೆಸರು ಸಿಕ್ಕಿದ್ದು ಆ ಕಿಟಕಿಯಲ್ಲಿ. ಮನೆಯಲ್ಲಿ ನಾನು ನಾರು ಬಿಡಿಸುವವಳು, ಶೈಲನನ್ನು ಎತ್ತುವವಳು. ಜಗಲಿಯಲ್ಲಿ ಏನೋ ಒಂದು ಆಗುತ್ತಿದ್ದೆ, ಅದಕ್ಕೆ ಹೆಸರು ಇರಲಿಲ್ಲ. ಶೈಲನ ಕಾಲು ಸೋತಿದ್ದರಿಂದ ನನಗೆ ಅದು ಸಿಕ್ಕಿತ್ತು. ಇದನ್ನು ಬರೆಯುವಾಗ ನನ್ನ ಕೈ ಈಗಲೂ ತಡೆಯುತ್ತದೆ.

ಎರಡು ವರ್ಷದ ಮೇಲೆ ಶಾಲೆಯವರು ಹಳೆಯ ಸರ್ವೀಸ್ ಬಸ್ಸೊಂದನ್ನು ಹರಾಜಿನಲ್ಲಿ ಹಿಡಿದು ತಂದರು. ಮರದ ಚೌಕಟ್ಟು ಗೆದ್ದಲು ತಿಂದಿತ್ತು. ಅಪ್ಪ ಅದನ್ನು ಕಿತ್ತು ಕಬ್ಬಿಣದ ಚೌಕಟ್ಟು ಕೂರಿಸಿದ, ಹಿಂದಿನ ಬಾಗಿಲು ಮುಚ್ಚಿ ಮುಂದಕ್ಕೆ ತಂದ. ಹತ್ತುವ ಮಗು ಡ್ರೈವರಿನ ಕಣ್ಣಿಗೆ ಬೀಳಬೇಕು ಎನ್ನುವುದು ಅವನ ವಾದ. ಸೀಟಿನ ಕಾಲು ಕತ್ತರಿಸಿ ತಗ್ಗಿಸಿದ. ಕಿಟಕಿಗೆ ತಾಡಪಾಲಿನ ಬದಲು ಮೇಲೆ ಕೆಳಗೆ ಸರಿಯುವ ಶಟರು ಹಾಕಿದ. ಮಕ್ಕಳ ಬಸ್ಸಿನ ಅಳತೆಗೆಂದೇ ಅಪ್ಪ ಆಗ ಒಂದು ಹೊನ್ನೆ ಮರದ ಕೋಲು ಮಾಡಿಕೊಂಡ. ಬಸ್ಸಿನ ಉದ್ದಗಲಕ್ಕೆ ಟೇಪು, ಮಕ್ಕಳಿಗೆ ಕೋಲು. ಸೀಟಿನ ಎತ್ತರಕ್ಕೆ ಶೈಲನನ್ನು ಹಲಗೆಯ ಮೇಲೆ ಕೂರಿಸಿ ಅವಳ ಪಾದ ನೆಲ ಮುಟ್ಟುವಲ್ಲಿ ಕೋಲಿಗೆ ಒಂದು ಕಚ್ಚು ಹಾಕಿದ. ಕಿಟಕಿಗೆ ಅವಳ ಗದ್ದ, ಹಿಡಿಯುವ ಸರಳಿಗೆ ಅವಳು ಎತ್ತಿದ ಕೈ. ವರ್ಷಕ್ಕೊಮ್ಮೆ ಅವಳನ್ನು ಕರೆದು ಹೊಸ ಕಚ್ಚು ಹಾಕುವನು. ಬೇರೆ ಮಕ್ಕಳ ಅಳತೆ ತಗೊಳ್ಳಬಾರದೇನು ಎಂದು ಗಫೂರಣ್ಣ ಒಮ್ಮೆ ಕೇಳಿದ್ದಕ್ಕೆ ಅಪ್ಪ ಉಳಿ ಕೆಳಗಿಟ್ಟು ಹೇಳಿದ್ದ:

“ಇವಳಿಗೆ ಹೊಂದೋ ಬಸ್ಸು ಯಾವ ಮಗುಗಾದ್ರೂ ಹೊಂದ್ತೈತೆ ಗಫೂರಾ. ಇವಳು ಹತ್ತಿದ್ರೆ ಯಾರು ಬೇಕಾದ್ರೂ ಹತ್ತಬಹುದು.”

ಆದರೆ ಆ ಬಸ್ಸನ್ನು ಶೈಲ ಹತ್ತಲಾರಳು. ದೊಡ್ಡವರ ಬಸ್ಸಾಗಿದ್ದರಿಂದ ಅದರ ಮೊದಲ ಮೆಟ್ಟಿಲೇ ಅವಳ ಸೊಂಟಕ್ಕೆ ಬರುತ್ತಿತ್ತು. ನಾನೇ ಎತ್ತಿ ಒಳಗೆ ಬಿಡುತ್ತಿದ್ದೆ. ನನಗಾಗಲೇ ಹದಿನೈದು. ಡ್ರೈವರ್ ಈರಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ದಿನಾ ಒಂದು ಮಾತು ಬಿಡುತ್ತಿದ್ದ.

“ಏನವ್ವಾ ಗಿರಿಜಾ, ನೀನು ಈ ವರ್ಷನಾದ್ರೂ ಪಾಸಾಗ್ತೀಯೋ, ಇಲ್ಲ ಜಗಲಿ ಕ್ಲಾಸಲ್ಲೇ ಕೂರ್ತೀಯೋ?”

ಮಕ್ಕಳು ನಗುವರು. ನಾನೂ ನಗುವೆ. ಶೈಲ ಮಾತ್ರ ಅವನಿಗೆ, “ನಮ್ಮಕ್ಕ ನಿಮಗಿಂತ ಚೆನ್ನಾಗಿ ಬೋರ್ಡು ಓದ್ತಾಳೆ,” ಎನ್ನುವಳು.

ಮೂರನೆಯ ಬಸ್ಸು ಬಂದದ್ದು ಬರಿಯ ಚಾಸಿಯಾಗಿ. ನಾಲ್ಕು ಚಕ್ರ, ಇಂಜಿನ್ನು, ಒಂದು ಸ್ಟೇರಿಂಗು, ಉಳಿದದ್ದೆಲ್ಲ ಅಪ್ಪನ ಕೈಯಲ್ಲಿ. ಬೇರೆಯವರ ಬಸ್ಸನ್ನು ಕತ್ತರಿಸಿ ಹೊಂದಿಸುವ ಬದಲು ಮೊದಲ ಸಲ ಮಕ್ಕಳಿಗೆಂದೇ ಒಂದು ಬಸ್ಸನ್ನು ಬುಡದಿಂದ ಕಟ್ಟುವ ಅವಕಾಶ. ಊಟಕ್ಕೆ ಕೂತರೆ ಅವ್ವ ರೊಟ್ಟಿ ತಟ್ಟುವ ಮಣೆಯ ಹಿಟ್ಟಿನ ಮೇಲೆ ಬೆರಳಿನಿಂದ ಬಸ್ಸು ಬರೆಯುತ್ತಿದ್ದ. ಕಿಟಕಿಗೆ ಅಡ್ಡ ಮೂರು ಸರಳು, ಗಾಜಿನ ಶಟರು, ಸೀಟಿನ ಕೆಳಗೆ ಚೀಲ ಇಡುವ ಜಾಗ. ಎಲ್ಲಕ್ಕಿಂತ ಮುಖ್ಯ, ಬಾಗಿಲಿನ ಕೆಳಗೆ ಇನ್ನೊಂದು ಮೆಟ್ಟಿಲು. ಅದಕ್ಕೆ ಅವನು ಇಟ್ಟ ಹೆಸರು ಮಕ್ಕಳ ಮೆಟ್ಟಿಲು. ಆ ದಿನ ಅವ್ವ ಕಾವಲಿಯ ಮೇಲಿನ ರೊಟ್ಟಿ ಮಗುಚುತ್ತ ಅಂದಳು:

“ಶೈಲ ತಾನೇ ಹತ್ತಿ ಇಳಿಯಂಗಾದ್ರೆ ಗಿರಿಜನ್ನ ಯಾಕೆ ಸುಮ್ನೆ ಬಸ್ಸಲ್ಲಿ ಓಡಾಡಿಸ್ಬೇಕು? ಸೊರಬದ ಸಂಬಂಧದೋರು ಇನ್ನೊಂದ್ಸಲ ಹೇಳಿ ಕಳಿಸ್ಯಾರೆ.”

“ಮೆಟ್ಟಿಲಾಗ್ಲಿ ತಡಿಯೇ,” ಅಂದ ಅಪ್ಪ.

ಅವನು ಬೇಡ ಅನ್ನಲಿಲ್ಲ. ಹಿಟ್ಟಿನ ಬಸ್ಸಿಗೆ ಮೆಟ್ಟಿಲು ಬರೆದ. ಮೆಟ್ಟಿಲು ಆದ ದಿನ ನನ್ನ ಜಗಲಿ ಮುಗಿಯಿತು, ನಾನು ಸೊರಬಕ್ಕೆ. ಶೈಲ ತಾನೇ ಹತ್ತಲಾರದಿದ್ದರೆ ಮಾತ್ರ ನಾನು ಉಳಿಯುತ್ತೇನೆ. ನನ್ನ ಹದಿನೈದು ವರ್ಷದ ತಲೆಗೆ ಹೊಳೆದ ಲೆಕ್ಕ ಇಷ್ಟೇ.

ಅಳತೆ ತೆಗೆದದ್ದು ಒಂದು ಭಾನುವಾರ ಮಧ್ಯಾಹ್ನ. ಶೆಡ್ಡಿನಲ್ಲಿ ಬಾಗಿಲಿನ ಚೌಕಟ್ಟು ನಿಲ್ಲಿಸಿ, ಪಕ್ಕಕ್ಕೆ ಹಿಡಿಯುವ ಸರಳು ಕಟ್ಟಿ, ಅಪ್ಪ ನೆಲದ ಮೇಲೆ ಒಂದೇ ದಪ್ಪದ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದ. ಶೈಲ ಸರಳು ಹಿಡಿದು ಎಡಗಾಲನ್ನು ಹಲಗೆಯ ಮೇಲಿಟ್ಟು ಮೈಯನ್ನು ಮೇಲೆಳೆದುಕೊಳ್ಳಬೇಕು. ಎಷ್ಟನೇ ಹಲಗೆಗೆ ಆಗುವುದಿಲ್ಲವೋ ಅಲ್ಲಿಗೆ ನಿಲ್ಲಿಸಿ, ಅದರ ಕೆಳಗಿನ ಹಲಗೆಯ ಎತ್ತರಕ್ಕೆ ಕಚ್ಚು. ಬೀಳದ ಹಾಗೆ ನಾನು ಹಿಂದೆ ನಿಂತು ಅವಳ ಕಂಕುಳಲ್ಲಿ ಕೈಯಿಟ್ಟಿದ್ದೆ.

“ಹಿಡ್ಕ, ಎತ್ತಬೇಡ,” ಅಂದ ಅಪ್ಪ ನನಗೆ. ಅವನು ಕುಕ್ಕರಗಾಲಲ್ಲಿ ಕೂತು ಅವಳ ಪಾದವನ್ನೇ ನೋಡುತ್ತಿದ್ದ.

ಎರಡು ಹಲಗೆ ಹತ್ತಿದಳು. ಮೂರು ಹತ್ತಿದಳು. ನಾಲ್ಕನೆಯದಕ್ಕೆ ಬಲಗಾಲು ನಡುಗಿ, ಮುಖ ಕೆಂಪಾಗಿ, ಹೇಗೋ ಹತ್ತಿದಳು. ಅವಳ ಶಕ್ತಿ ಅಲ್ಲಿಗೆ ಮುಗಿದಿತ್ತು. ಕಂಕುಳಲ್ಲಿದ್ದ ನನ್ನ ಕೈಗೆ ಅದು ಗೊತ್ತಾಗುತ್ತಿತ್ತು. ಅವಳನ್ನು ಅಷ್ಟು ವರ್ಷ ಎತ್ತಿದ ಕೈ ಅದು. ಅಪ್ಪ ಐದನೆಯ ಹಲಗೆ ಇಟ್ಟ. ನಾನು ಎತ್ತಿದೆ. ಜೋರಾಗಿ ಅಲ್ಲ. ಅವಳ ಭಾರದಲ್ಲಿ ಅರ್ಧವನ್ನು ಹೆಬ್ಬೆರಳಿನ ಮೇಲೆ ತೆಗೆದುಕೊಂಡೆ, ಅಷ್ಟೆ. ಶೈಲ ಹಲಗೆಯ ಮೇಲೆ ನಿಂತು ಒಮ್ಮೆ ಭುಜದ ಮೇಲಿಂದ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು.

“ಇನ್ನೊಂದು,” ಅಂದ ಅಪ್ಪ. ಅವನ ದನಿ ಬದಲಾಗಿತ್ತು.

ಆರನೆಯದು. ಏಳನೆಯದು. ಅಪ್ಪ ಎದ್ದು ನಿಂತ. ಅವ್ವಾ ಎಂದು ತಾಯಿಯನ್ನು ಕರೆಯುವ ಮಗುವಿನ ಹಾಗೆ ಅಡುಗೆಮನೆಯ ಕಡೆ ತಿರುಗಿ ಕೂಗಿದ. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಏಳು ಹಲಗೆಯ ಮೇಲೆ ನಿಂತ ಶೈಲನನ್ನು ನೋಡಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಎಣ್ಣೆ ಹಿಡಿದೈತೆ ನೋಡ್ರಿ. ದಿನಾ ನೀವುತೀನಿ, ದಿನಾ ನೀವುತೀನಿ, ಸುಮ್ನೆ ಹೋಗ್ಲಿಲ್ಲ. ತಾಯಿ ಚಂದ್ರಗುತ್ತಿ ರೇಣುಕವ್ವಾ, ಕಣ್ಣು ಬಿಟ್ಟೆ ನೀನು.”

ಅಪ್ಪ ಕೋಲಿಗೆ ಕಚ್ಚು ಹಾಕಿದ. ಎಲ್ಲ ಕಚ್ಚಿಗಿಂತ ಆಳವಾಗಿ ಹಾಕಿದ. ನಾನು ಅಲ್ಲೇ ನಿಂತಿದ್ದೆ. ಮೆಟ್ಟಿಲು ಎತ್ತರವಾದರೆ ಶೈಲ ಹತ್ತಲಾರಳು, ಆಗ ನಾನು ಬೇಕಾಗುತ್ತೇನೆ ಎಂದು ಯೋಚಿಸಿದ್ದೆ. ಆದರೆ ಅವಳು ನಿಜವಾಗಿ ಹತ್ತಿದಳೆಂದು ಇವರು ನಂಬಿಬಿಡುತ್ತಾರೆ, ನಂಬಿ ಅಳುತ್ತಾರೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಆ ಕ್ಷಣದಲ್ಲಿ, ‘ಅಪ್ಪ, ನಾನು ಎತ್ತಿದೆ’ ಎಂದಿದ್ದರೆ ಒಂದು ಏಟು ಬೀಳುತ್ತಿತ್ತು. ಮುಗಿಯುತ್ತಿತ್ತು. ಸಂಜೆ ಅವ್ವ ಶ್ಯಾವಿಗೆ ಪಾಯಸ ಮಾಡಿದಳು. ನನಗೆ ಎರಡು ಸಲ ಬಡಿಸಿದಳು, ತಂಗಿಯನ್ನು ಇಷ್ಟು ವರ್ಷ ಹೊತ್ತವಳು ಎಂದು.

ಮರುದಿನ ನಾರಿನ ರಾಶಿಯ ಹತ್ತಿರ ನಾವಿಬ್ಬರೇ ಇದ್ದಾಗ ಶೈಲ ನನ್ನ ಪಕ್ಕ ಬಂದು ಕೂತಳು. ನಾನೇ ಬಾಯಿ ಬಿಟ್ಟೆ.

“ಅಪ್ಪಂಗೆ ಹೇಳಿಬಿಡ್ತೀನಿ ಶೈಲಾ.”

ಅವಳು ಒಂದು ಎಳೆ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. “ಬೇಡಕ್ಕಾ. ಅಪ್ಪಂಗೆ ಎಷ್ಟು ಖುಷಿಯಾಗೈತೆ ನೋಡು. ನಾನು ದಿನಾ ಅಭ್ಯಾಸ ಮಾಡ್ತೀನಿ. ಬಸ್ಸು ಆಗೋದ್ರೊಳಗೆ ನಿಜವಾಗ್ಲೂ ಹತ್ತಿಬಿಡ್ತೀನಿ.”

ಒಂಬತ್ತು ವರ್ಷದ ಹುಡುಗಿ. ಶೆಡ್ಡಿನ ಹಿಂದೆ, ಯಾರೂ ಇಲ್ಲದಾಗ, ಏಳು ಹಲಗೆ ಪೇರಿಸಿಕೊಂಡು ಅಭ್ಯಾಸ ಮಾಡಿದಳು. ಏಳು ಇರಲಿ, ಐದನ್ನೂ ಹತ್ತಲಾಗಲಿಲ್ಲ. ನನ್ನ ಬಾಯಿಗೆ ಅವಳೇ ಬೀಗ ಹಾಕಿದಳು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮಗು ಬೇಡ ಅಂದದ್ದಕ್ಕೆ ದೊಡ್ಡವಳು ಒಪ್ಪಿದಳು, ಯಾಕೆಂದರೆ ದೊಡ್ಡವಳಿಗೆ ಅದೇ ಬೇಕಿತ್ತು.

ಬಸ್ಸು ತಯಾರಾಯಿತು. ನೀಲಿ ಮೈ, ಬಿಳಿ ಪಟ್ಟಿ, ಬೆನ್ನ ಮೇಲೆ ಗಫೂರಣ್ಣ ಬರೆದ ಚೀಲ ಹೊತ್ತ ಎರಡು ಮಕ್ಕಳು. ಒಂದು ಮಗುವಿಗೆ ಅವನು ಶೈಲನ ಎರಡು ಜಡೆ ಹಾಕಿದ್ದ. ಕಬ್ಬಿಣದ ತಗಡಿನ ಮಕ್ಕಳ ಮೆಟ್ಟಿಲಿಗೆ ಹಳದಿ ಗೆರೆ. ನಮ್ಮಲ್ಲಿ ಹೊಸ ಬಸ್ಸು ಶೆಡ್ಡು ಬಿಡುವ ಮೊದಲು ಚಕ್ರಕ್ಕೆ ನಿಂಬೆಹಣ್ಣಿಟ್ಟು, ಮನೆಯ ಕಿರಿಯ ಮಗು ಮೊದಲು ಹತ್ತಬೇಕು. ಶಾಲೆಯ ಹಿರಿಯರು ಬಂದು ನಿಂತಿದ್ದರು. ಶೈಲ ಸರಳು ಹಿಡಿದಳು, ಎಡಗಾಲು ಎತ್ತಿದಳು. ಕಾಲು ಮೆಟ್ಟಿಲಿನ ಅಂಚಿಗೆ ತಾಗಿ ಜಾರಿತು. ಇನ್ನೊಮ್ಮೆ. ನಾನು ನುಗ್ಗಿ ಅವಳನ್ನು ಎತ್ತಲು ಹೋದೆ. ಅಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದ.

“ಬಿಡು. ನೀನು ಎತ್ತಿ ಎತ್ತಿ ಅವಳನ್ನ ಸೋಮಾರಿ ಮಾಡೀಯ. ಜನ ನೋಡಿ ಹೆದರ್ಯಾಳೆ ಅಷ್ಟೆ. ಹತ್ತು ಮಗಾ, ಅವತ್ತು ಹತ್ತಿದ್ಯಲ್ಲ.”

ಶೈಲ ಎರಡೂ ಕೈಯನ್ನು ಮೆಟ್ಟಿಲ ಮೇಲೂರಿ, ಹೊಟ್ಟೆ ಒತ್ತಿ, ತೆವಳಿಕೊಂಡು ಒಳಗೆ ಹೋದಳು. ಜನ ಚಪ್ಪಾಳೆ ತಟ್ಟಿದರು.

ಅಂದಿನಿಂದ ಅದು ದಿನದ ಕೆಲಸವಾಯಿತು. ನಾನು ಬಸ್ಸು ಹತ್ತುವುದನ್ನು ಅಪ್ಪ ನಿಲ್ಲಿಸಿದ. ಬೆಳಗ್ಗೆ ಈರಣ್ಣ ಹಾರನ್ನು ಹೊಡೆಯುವನು, ಅಪ್ಪ ಕೆಲಸ ಬಿಟ್ಟು ಬಂದು ಎರಡು ಮಾರು ದೂರದಲ್ಲಿ ಕೈ ಕಟ್ಟಿ ನಿಲ್ಲುವನು, ಇವತ್ತು ಹತ್ತುತ್ತಾಳೆ ಎಂದು. ಶೈಲ ಕೈಯೂರಿ ತೆವಳುವಳು. ಬಿಳಿಯ ಯೂನಿಫಾರ್ಮಿನ ಹೊಟ್ಟೆಯ ಮೇಲೆ ದಿನಾ ಮೆಟ್ಟಿಲಿನ ಮಣ್ಣಿನ ಪಟ್ಟೆ. ಕಿಟಕಿಯ ಸರಳುಗಳ ಹಿಂದೆ ಮಕ್ಕಳು ನಗುವರು. ಮೊದಮೊದಲು ಅವಳೂ ನಗುತ್ತಿದ್ದಳು. ಆಮೇಲೆ ನಿಲ್ಲಿಸಿದಳು. ನಾನು ಅಡುಗೆಮನೆಯ ಆ ಕಿಟಕಿಯಿಂದ ನೋಡುತ್ತಿದ್ದೆ. ಅಪ್ಪನ ಬೆನ್ನು ಕಾಣುತ್ತಿತ್ತು. ಒಂದೊಂದು ದಿನವೂ ಇವತ್ತು ಹೇಳುತ್ತೇನೆ ಅಂದುಕೊಂಡು ಹೊಸಿಲ ತನಕ ಹೋಗುತ್ತಿದ್ದೆ. ಅಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಅವ್ವನ ಮುಖದಲ್ಲಿದ್ದ ಆ ಹೊಸ ಕಳೆಯನ್ನು ನೋಡಿ ವಾಪಸು ಬಂದು ದಬ್ಬಣ ಹಿಡಿಯುತ್ತಿದ್ದೆ. ಶೈಲನಿಗೆ ಎಣ್ಣೆ ನೀವುವುದನ್ನು ಅವ್ವ ಆಗಲೇ ನಿಲ್ಲಿಸಿದ್ದಳು. ವಾಸಿಯಾಯಿತಲ್ಲ.

ಆಷಾಢದ ಒಂದು ಬೆಳಗ್ಗೆ ಮೆಟ್ಟಿಲು ಒದ್ದೆಯಾಗಿತ್ತು. ಶೈಲ ಕೈಯೂರಿದಳು, ಕೈ ಜಾರಿತು, ಗದ್ದ ತಗಡಿನ ಅಂಚಿಗೆ ಬಡಿಯಿತು. ಅಪ್ಪ ಅವಳನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದ. ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದ. ವಾರವಾದ ಮೇಲೆ ಹಾರನ್ನು ಕೇಳಿದಾಗ ಶೈಲ ಪಡಸಾಲೆಯ ಮೂರು ಜನರ ಸೀಟಿನ ಮೂಲೆಯಲ್ಲಿ ಕೂತಳು, ಏಳಲಿಲ್ಲ.

“ನಾನು ಸ್ಕೂಲಿಗೆ ಹೋಗಲ್ಲಪ್ಪ.”

“ಯಾಕೆ?”

“ಇಷ್ಟ ಇಲ್ಲ.”

ಅಪ್ಪ ರಮಿಸಿದ, ಬೈದ, ಒಮ್ಮೆ ಕೈಯನ್ನೂ ಎತ್ತಿದ. ಹೊತ್ತುಕೊಂಡು ಹೋಗಿ ಬಿಡುತ್ತೇನೆ ಅಂದರೂ ಅವಳು ಒಪ್ಪಲಿಲ್ಲ. ಗಿರಿಜ ಜೊತೆಗೆ ಬರಲಿ ಎಂದು ಅವ್ವ ಹೇಳಿದಾಗ ಶೈಲ ನನ್ನ ಕಡೆ ನೋಡದೆ ತಲೆಯಾಡಿಸಿದಳು. ಬೇಡ ಎಂದು. ಅದೊಂದು ಮಾತಿಗೆ ನಾನು ಇವತ್ತಿನವರೆಗೂ ಉತ್ತರ ಹುಡುಕುತ್ತಿದ್ದೇನೆ. ಅವಳು ಆಗ ನಾಲ್ಕನೇ ಕ್ಲಾಸು. ನನಗೆ ಎಷ್ಟು ಓದೋ ಅವಳಿಗೂ ಅಷ್ಟೇ ಆಯಿತು. ನನ್ನದನ್ನು ಬೇರೆಯವರು ನಿಲ್ಲಿಸಿದ್ದರು. ಅವಳದನ್ನು ನಾನು ನಿಲ್ಲಿಸಿದೆ. ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ, “ಕಾಲಿಗೇನೂ ಆಗಿಲ್ಲ, ಏಳು ಹಲಗೆ ಹತ್ತಿದೋಳು. ಹಠಮಾರಿ.” ಶೈಲ ಪಕ್ಕದಲ್ಲೇ ಕೂತು ನಾರು ಬಿಡಿಸುತ್ತಿದ್ದಳು.

ಮುಂದಿನ ವರ್ಷ ನನ್ನನ್ನು ಸೊರಬಕ್ಕೆ ಕೊಟ್ಟರು. ಗಂಡನ ಮನೆ ಕುಪ್ಪಗಡ್ಡೆಗೆ ಹೋಗುವ ದಾರಿಯಲ್ಲಿ. ಮನೆಯೆದುರಿಗೇ ಒಂದು ಶಾಲೆಯ ಬಸ್ಸು ಬಂದು ನಿಲ್ಲುತ್ತಿತ್ತು. ಮೊದಲ ದಿನ ನೋಡಿದೊಡನೆ ಗೊತ್ತಾಯಿತು, ಅಪ್ಪನ ಕೈ. ಅವನ ಬಸ್ಸು ಚೆನ್ನಾಗಿದೆಯೆಂದು ಸೊರಬದವರೂ ಅವನಲ್ಲೇ ಕಟ್ಟಿಸತೊಡಗಿದ್ದರು. ಒಂದಾದ ಮೇಲೊಂದು ಬಂದವು. ನಾರಿನ ಸೀಟು ಹೋಗಿ ಸ್ಪಂಜು ಬಂತು, ನೀಲಿ ಹೋಗಿ ಹಳದಿ ಬಂತು. ಸ್ಕೂಲ್ ಬಸ್ಸೆಂದರೆ ಹಳದಿಯೇ ಇರಬೇಕು ಎಂದು ಎಲ್ಲಿಂದಲೋ ಆಜ್ಞೆಯಾಗಿತ್ತಂತೆ. ಬಾಗಿಲು ಮಡಚುವ ಹಾಗಾಯಿತು. ಮೆಟ್ಟಿಲು ಮಾತ್ರ ಅಲ್ಲೇ ಇತ್ತು, ಏಳು ಹಲಗೆಯ ಎತ್ತರದಲ್ಲಿ. ಶೈಲ ಹತ್ತಿದ್ದನ್ನು ಯಾವ ಮಗುವಾದರೂ ಹತ್ತುತ್ತದೆ ಎಂದು ಅಪ್ಪ ಪ್ರತಿ ಬಸ್ಸಿಗೂ ಅದೇ ಕಚ್ಚು ಹಿಡಿದಿದ್ದ. ಒಂದನೇ ಕ್ಲಾಸಿನ ಸಣ್ಣ ಮಕ್ಕಳು ಕೈಯೂರಿ, ಹೊಟ್ಟೆ ಒತ್ತಿ, ಶೈಲನ ಹಾಗೆ ತೆವಳಿ ಹತ್ತುತ್ತಿದ್ದವು. ನನಗೆ ನಿಂತು ನೋಡಲಾಗುತ್ತಿರಲಿಲ್ಲ. ದಿನಾ ಹೋಗಿ ಒಂದೊಂದನ್ನೇ ಎತ್ತಿ ಒಳಗೆ ಬಿಡುತ್ತಿದ್ದೆ.

“ಊರ ಮಕ್ಕಳನ್ನೆಲ್ಲ ಎತ್ತೋಕೆ ನಿನ್ನನ್ನ ಮನೆ ತುಂಬಿಸ್ಕೊಂಡ್ವಾ?” ಎಂದು ಅತ್ತೆ ಗೊಣಗುತ್ತಿದ್ದರು. ಬಸ್ಸಿಗೆ ಕಾಯುವ ತಾಯಂದಿರು, “ಎಷ್ಟು ಒಳ್ಳೆ ಮನಸ್ಸು ನಿಮ್ಮ ಸೊಸೆದು,” ಎಂದು ಅವರಿಗೇ ಹೇಳುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ನನ್ನ ಮದುವೆಯಾಗಿ ಐದು ವರ್ಷವಾಗುವಷ್ಟರಲ್ಲಿ ಕಂಪನಿಗಳೇ ಸ್ಕೂಲ್ ಬಸ್ಸು ಪೂರ್ತಿ ಮಾಡಿ ಕಳಿಸುವ ಕಾಲ ಬಂತು. ಗೌರಿಹಬ್ಬಕ್ಕೆ ತವರಿಗೆ ಹೋದಾಗ ಶೆಡ್ಡಿನಲ್ಲಿ ಅಂಥದೊಂದು ನಿಂತಿತ್ತು. ಅಪ್ಪನಿಗೆ ಅದರಲ್ಲಿ ಮಾಡಲು ಏನೂ ಇರಲಿಲ್ಲ. ಮೈಮೇಲೆ ಶಾಲೆಯ ಹೆಸರು ಬರೆಯಲು ಗಫೂರಣ್ಣನಿಗೆ ಮಾತ್ರ ಕೆಲಸ. ಅಪ್ಪ ಕೋಲು ಹಿಡಿದು ಅದರ ಸುತ್ತ ಸುತ್ತುತ್ತಿದ್ದ, ತಗಡು ಬಡಿದು ನೋಡುತ್ತಿದ್ದ, ಸೀಟು ಅದುಮಿ ನೋಡುತ್ತಿದ್ದ. ಕೊನೆಗೆ ಮೆಟ್ಟಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೋಲು ನಿಲ್ಲಿಸಿದ. ಆಳದ ಕಚ್ಚು ಮೆಟ್ಟಿಲಿಗಿಂತ ಬಹಳ ಮೇಲೆ ಉಳಿಯಿತು.

“ಮೂರು ಹಲಗೆ ಕೆಳಗೆ ಇಟ್ಟಾರಲ್ಲೋ ಗಫೂರಾ. ಕಂಪನಿಯೋರಿಗೆ ಮಕ್ಕಳ ಅಳತೆನೇ ಗೊತ್ತಿಲ್ಲ.”

“ಗೊತ್ತಿದ್ದೇ ಇಟ್ಟಿರ್ತಾರೆ ಬಿಡಿ ಮೇಸ್ತ್ರಿ,” ಅಂದ ಗಫೂರಣ್ಣ ಬ್ರಷ್ಷಿನಿಂದ ಕಣ್ಣು ತೆಗೆಯದೆ.

ಶೈಲನಿಗೆ ಆಗ ಹದಿನೈದು. ನಾನು ಅವಳನ್ನು ಎತ್ತಿದಾಗ ನನಗಿದ್ದ ವಯಸ್ಸು. ದಬ್ಬಣವನ್ನು ರೆಕ್ಸಿನ್ನಿನ ಮೇಲೆ ಚುಚ್ಚಿಟ್ಟು ಅವಳು ಎದ್ದು ಬಂದಳು, ಮಂಡಿ ಒತ್ತಿ ಹಿಡಿದು. ಬಸ್ಸಿನ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಳು. ಸರಳು ಹಿಡಿದಳು, ಎಡಗಾಲು ಇಟ್ಟಳು, ಬಲಗಾಲು ಒಮ್ಮೆ ನಡುಗಿತು, ಮೇಲೆ ಹೋದಳು. ಆಮೇಲಿನ ಮೆಟ್ಟಿಲೂ ಹಾಗೆಯೇ ತಗ್ಗು. ಖಾಲಿ ಬಸ್ಸಿನಲ್ಲಿ ಅವಳ ಹೆಜ್ಜೆ ಒಂದು ಜೋರಾಗಿ ಒಂದು ಮೆತ್ತಗೆ ಕೇಳಿತು. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಕಿಟಕಿಯ ಸರಳುಗಳ ಹಿಂದಿನಿಂದ ನಮ್ಮನ್ನು ನೋಡಿದಳು. ಸೀಟು ಅವಳಿಗೆ ಚಿಕ್ಕದಾಗಿತ್ತು.

ಅಪ್ಪನ ಕಣ್ಣು ತುಂಬಿತ್ತು. ಅವನು ನನ್ನ ಕಡೆ ತಿರುಗಿದ.

“ನೋಡಿದ್ಯಾ ಗಿರಿಜಾ? ಯಾರೂ ಹಿಡೀಲಿಲ್ಲ. ಕಾಲಲ್ಲಿ ಬಲ ಐತೆ. ಅವತ್ತೂ ಇತ್ತು. ಹಠ ಒಂದೇ. ಹಠ ಮಾಡಿ ಓದು ಕಳ್ಕೊಂಡ್ಳು ನನ್ನ ಮಗಳು.”

ನನ್ನ ಕಂಕುಳಲ್ಲಿ ನನ್ನ ಮಗ ಇದ್ದ. ಅಪ್ಪನ ಕೈಯಲ್ಲಿ ಕೋಲಿತ್ತು. ಹೇಳುವುದಕ್ಕೆ ನನಗೆ ಸಿಕ್ಕ ಕೊನೆಯ ಅವಕಾಶ ಅದು; ಆಗ ನನಗದು ಗೊತ್ತಿರಲಿಲ್ಲ. ಆ ಹಂಗಾಮಿನಲ್ಲೇ ಅಪ್ಪ ಹೋದ, ಹಠಮಾರಿ ಮಗಳ ತಂದೆಯಾಗಿಯೇ. ಆದರೆ ಆ ದಿನ ಅವನು ನನ್ನ ಎದುರಿಗೆ ನಿಂತಿದ್ದ, ಉತ್ತರಕ್ಕೆ ಕಾಯುತ್ತಿದ್ದ. ನಾನು ಶೈಲನ ಕಡೆ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು, ಐದನೆಯ ಹಲಗೆಯ ಮೇಲಿಂದ ತಿರುಗಿ ನೋಡಿದ ಹಾಗೆಯೇ. ಆಗ ಬೇಡ ಅಂದಿದ್ದವಳು ಈಗ ಬೇಡ ಅನ್ನಲಿಲ್ಲ. ಹೇಳು ಅನ್ನಲೂ ಇಲ್ಲ. ಕಾದಳು.

“ಹೂಂ ಅಪ್ಪ,” ಅಂದೆ ನಾನು. “ಹಠಾನೇ.”

ಶೈಲ ಕಿಟಕಿಯಿಂದ ಮುಖ ತೆಗೆದಳು. ಎದ್ದು, ಸೀಟುಗಳನ್ನು ಹಿಡಿದುಕೊಂಡು ಬಾಗಿಲಿಗೆ ಬಂದಳು. ನಾನು ಮಗನನ್ನು ಕೆಳಗಿಳಿಸಿ ಓಡಿಹೋಗಿ ಮೆಟ್ಟಿಲ ಕೆಳಗೆ ಎರಡೂ ಕೈ ಚಾಚಿ ನಿಂತೆ.

“ಬಿಡಕ್ಕಾ,” ಅಂದಳು. “ಎತ್ತಬೇಡ.”

ನಾನು ದಾರಿ ಬಿಟ್ಟು ನಿಂತೆ. ಅವಳು ತಾನೇ ಇಳಿದಳು.